ಹೇಸರಗತ್ತೆಗೆ ಶರಣಾದವನು

ಹೇಸರಗತ್ತೆಗೆ ಶರಣಾದವನು ಸಂಜೀವ ಪೂಜಾರಿಯಲ್ಲ. ನಾನು.

ಈ ಒಂದು ಮಾತು ನಾಲಿಗೆಗೆ ಬರಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಅದರಲ್ಲಿ ಬಹುಕಾಲ ಇದನ್ನು ಹೇಳುವ ಅಗತ್ಯವೇ ಬಿದ್ದಿರಲಿಲ್ಲ—ಯಾರೂ ಕೇಳಿರಲಿಲ್ಲ, ಯಾರಿಗೂ ಅದರಿಂದ ನೋವಾಗಿರಲಿಲ್ಲ. ಆದರೆ ಕಳೆದ ವರ್ಷ ನಾನೊಂದು ಪುಸ್ತಕ ಬರೆದೆ. ಸೈನ್ಯದ ಬದುಕಿನ ಮೇಲೆ ಬರೆದ ಚಿಕ್ಕ ನಗೆ ಕಾದಂಬರಿ, 'ದಾಲ್ ರೋಟಿ ಪಲ್ಟನ್'. ನಮ್ಮ ಕನ್ನಡ ಸಂಘದ ನೀವೆಲ್ಲ ಅದನ್ನು ಹೊಗಳಿದ್ದೀರಿ. ಕೆಲವರು ಓದಿಯೂ ಹೊಗಳಿದ್ದೀರಿ. ಓದಿದವರಿಗೂ ಓದದವರಿಗೂ ನೆನಪಿರುವುದು ಅದರ ಒಂದೇ ಅಧ್ಯಾಯ. ಮಂಜಿನಲ್ಲಿ ಪಹರೆಗೆ ನಿಂತ ಸೈನ್ಯದ ಅಡುಗೆಯವನೊಬ್ಬ ಎದುರಿನಿಂದ ಬರುವ ಆಕಾರವನ್ನು ಶತ್ರುವೆಂದು ತಿಳಿದು, ರೈಫಲ್ಲನ್ನು ಕೆಳಗಿಟ್ಟು, ಎರಡೂ ಕೈ ಎತ್ತಿ ಶರಣಾಗುತ್ತಾನೆ. ಹತ್ತಿರ ಬಂದಾಗ ನೋಡಿದರೆ ಅದು ಹಿಟ್ಟಿನ ಮೂಟೆ ಹೊರುವ ಹೇಸರಗತ್ತೆ.

ಪುಸ್ತಕದಲ್ಲಿ ಆ ಅಡುಗೆಯವನ ಹೆಸರು ರಾಜೀವ ಪೂಜಾರಿ. ನನ್ನ ಜೊತೆ ಸೈನ್ಯದಲ್ಲಿದ್ದ ಅಡುಗೆಯವನ ಹೆಸರು ಸಂಜೀವ ಪೂಜಾರಿ. ಒಂದಕ್ಷರ ಬದಲಿಸಿದರೆ ಗುರುತು ಸಿಗುವುದಿಲ್ಲ ಎಂದು ನಂಬಿದ್ದೆನೇ? ಅಥವಾ ಗುರುತು ಸಿಗಲಿ ಎಂದೇ ಹಾಗೆ—ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಬಹುಶಃ ಒಂದು ನೆಪ.

ನನ್ನ ಪರಿಚಯ ನಿಮಗಿದೆ. ಶಿವಪುತ್ರ ಅಂಗಡಿ, ಊರು ಗದಗಿನ ಕಡೆ, ಈಗ ಡೊಂಬಿವಲಿ. ಸೈನ್ಯದಲ್ಲಿ ನಾನು ಗುಮಾಸ್ತನಾಗಿದ್ದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ಆ ಮಾತನ್ನು ನಾನು ಯಾವಾಗಲೂ ಸಣ್ಣ ದನಿಯಲ್ಲಿ ಹೇಳುತ್ತಿದ್ದೆ. ಹೌದು, ಸೈನ್ಯದಲ್ಲೂ ಗುಮಾಸ್ತರಿರುತ್ತಾರೆ. ಗುಂಡಿಗಿಂತ ಹೆಚ್ಚು ಕಾಗದ ಹಾರಾಡುವ ಜಾಗ ಅದು. ಯಾರ ರಜೆ, ಯಾರ ಬಡ್ತಿ, ಯಾರ ಉಣ್ಣೆ ಕಾಲುಚೀಲ ಕಳೆದಿದೆ, ಅದಕ್ಕೆ ಯಾರು ಜವಾಬ್ದಾರಿ—ಇವೇ ನನ್ನ ಯುದ್ಧಗಳು. ಮೈಮುರಿದು ನುಗ್ಗುವ ವಿದ್ಯೆಯನ್ನು ತರಬೇತಿಯಲ್ಲಿ ಕಲಿಸಿದ್ದರು. ಅದು ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ನಿವೃತ್ತಿಯಾದ ಮೇಲೆ, ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆಳಗಿನ ಲೋಕಲ್ ಹತ್ತುವಾಗ.

ಆಗ ನಮ್ಮ ತುಕಡಿ ಎತ್ತರದ ಒಂದು ಪರ್ವತದ ಮೇಲಿತ್ತು. ಕನ್ನಡ ಮಾತಾಡುವವರು ಇಬ್ಬರೇ, ನಾನು ಮತ್ತು ಸಂಜೀವ. ಅವನು ಕಾರ್ಕಳದ ಕಡೆಯವನು, ಸೈನ್ಯದ ಅಡುಗೆಮನೆಯಾದ ಲಂಗರಿನ ಒಡೆಯ. ನನ್ನ ಕನ್ನಡ ಅವನಿಗೆ ಜಗಳದ ಹಾಗೆ ಕೇಳುತ್ತಿತ್ತು, ಅವನ ಕನ್ನಡ ನನಗೆ ಪಾಠ ಓದಿದ ಹಾಗೆ. ಗುಮಾಸ್ತರನ್ನು ಸೈನ್ಯದಲ್ಲಿ ಬಾಬು ಎನ್ನುತ್ತಾರೆ. ಅವನೂ ನನ್ನನ್ನು ಬಾಬು ಎಂದೇ ಕರೆದ, ಈಗಲೂ ಹಾಗೇ ಕರೆಯುತ್ತಾನೆ. ನೀರು ಕುದಿಯಲು ಯುಗ ಹಿಡಿಯುವ ಆ ಎತ್ತರದಲ್ಲಿ ಸಂಜೀವ ಒಗ್ಗರಣೆಗೆ ಎಲ್ಲಿಂದಲೋ ಕರಿಬೇವು ತರಿಸುತ್ತಿದ್ದ. ಎಲ್ಲಿಂದ ಎಂದು ಕೇಳಿದರೆ, "ಅದು ಮಿಲಿಟರಿ ರಹಸ್ಯ, ಬಾಬು," ಎನ್ನುತ್ತಿದ್ದ.

ಒಂದು ದಿನ ಹಿಮ ಜಾರಿ ದಾರಿ ಮುಚ್ಚಿಹೋಯಿತು. ಗಟ್ಟಿಯಾಳುಗಳೆಲ್ಲ ಸಲಿಕೆ ಹಿಡಿದು ದಾರಿ ಬಿಡಿಸಲು ಹೋದರು. ಪಹರೆಗೆ ಜನ ಸಾಲಲಿಲ್ಲ. ನಮ್ಮ ಸುಬೇದಾರ್ ಸಾಹೇಬರು, ಗಢವಾಲದವರು, ಸಜ್ಜನರು, ಕಚೇರಿಯ ಡೇರೆಯೊಳಗೆ ಇಣುಕಿ ನನ್ನನ್ನು ನೋಡಿದರು. ಆ ನೋಟದಲ್ಲಿ ಆಸೆಯೂ ಇತ್ತು, ನಿರಾಸೆಯೂ ಇತ್ತು. ಬೇರೆ ದಾರಿಯಿಲ್ಲದೆ ನನ್ನ ಕೈಗೆ ರೈಫಲ್ ಕೊಟ್ಟು ಕಣಿವೆಯ ಕಡೆಯ ಪಹರೆಗೆ ನಿಲ್ಲಿಸಿದರು.

ನಟ್ಟ ನಡು ಮಧ್ಯಾಹ್ನ ಅದು, ಊಟದ ಹೊತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪುಸ್ತಕದಲ್ಲಿ ನಾನು ಅದನ್ನು ಕಗ್ಗತ್ತಲ ರಾತ್ರಿ ಮಾಡಿದ್ದೇನೆ. ಹಾಡುಹಗಲೇ ಹೆದರಿದ ಎಂದರೆ ಯಾರೂ ನಂಬುವುದಿಲ್ಲ ಎಂದುಕೊಂಡಿದ್ದೆ. ಆದರೆ ಮಂಜು ಎಂಥದ್ದೆಂದರೆ ಚಾಚಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಆ ಮಂಜಿನೊಳಗೆ ಹೆಜ್ಜೆ ಸಪ್ಪಳ ಕೇಳಿಸಿತು. ಆಮೇಲೆ ಉಸಿರು. ಗಟ್ಟಿಯಾದ, ಸಾವಕಾಶದ, ಯಾವ ಅವಸರವೂ ಇಲ್ಲದ ಉಸಿರು. ಆಮೇಲೆ ಒಂದು ಆಕಾರ, ಅಗಲ ಭುಜ, ಮೈಮೇಲೆ ಪಟಪಟ ಹೊಡೆದುಕೊಳ್ಳುವ ಯಾವುದೋ ಹೊದಿಕೆ.

"ಥಮ್. ಕೌನ್ ಆತಾ ಹೈ?" ಎಂದೆ. ನಿಲ್ಲು, ಯಾರು ಬರುತ್ತಿರುವುದು ಎಂದು ಪಹರೆಯವನು ಕೇಳಲೇಬೇಕಾದ ಮಾತು ಅದು. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಆಕಾರ ನಿಂತಿತು, ಯೋಚಿಸಿತು, ಮತ್ತೆ ನಡೆಯಿತು. ಆಗ ನಾನು ಮಾಡಬೇಕಾದದ್ದು ಏನು ಎಂಬುದನ್ನು ತರಬೇತಿಯಲ್ಲಿ ಹೇಳಿದ್ದರು. ಸೈನ್ಯದಲ್ಲಿ ಕಲಿಸಿದ್ದೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು—ಆ ಒಂದು ಕ್ಷಣ ಬಿಟ್ಟು.

ನಾನು ರೈಫಲ್ಲನ್ನು ಹಿಮದ ಮೇಲೆ ಮೆಲ್ಲಗೆ, ಮಗುವನ್ನು ಮಲಗಿಸಿದಂತೆ, ಇಟ್ಟೆ. ಎರಡೂ ಕೈ ಎತ್ತಿದೆ. ಎತ್ತಿ ಹೇಳಿದೆ: "ಸಾಬ್, ಮೈಂ ತೋ ಸಿರ್ಫ್ ಕ್ಲರ್ಕ್ ಹೂಂ."

ನಾನು ಬರೀ ಗುಮಾಸ್ತ, ಸ್ವಾಮಿ. ಶತ್ರುವಿಗೆ ನಾನು ಕೊಟ್ಟ ಮೊದಲ ಮತ್ತು ಕೊನೆಯ ಹೇಳಿಕೆ ಅದು.

ಹೇಸರಗತ್ತೆ ನನ್ನ ಎದೆಗೆ ಮೂತಿ ತಾಗಿಸಿ ಮೂಸಿತು. ಅದರ ಬಾಯಿಯಲ್ಲಿ ಅರ್ಧ ಚಪಾತಿ ನೇತಾಡುತ್ತಿತ್ತು. ಅದರ ಹಿಂದೆಯೇ ಸೌಟು ಹಿಡಿದು ಏದುಸಿರು ಬಿಡುತ್ತಾ ಓಡಿ ಬಂದವನು ಸಂಜೀವ. ಲಂಗರಿಗೆ ನುಗ್ಗಿ ಚಪಾತಿಯ ಬುಟ್ಟಿಗೆ ಬಾಯಿ ಹಾಕಿದ ಅದನ್ನು ಅಟ್ಟಿಸಿಕೊಂಡು ಬಂದಿದ್ದ. ಅವನು ಕಂಡದ್ದು ಏನು? ಕೈ ಎತ್ತಿ ನಿಂತ ನಾನು, ಕೆಳಗೆ ಬಿದ್ದ ರೈಫಲ್, ನಡುವೆ ಚಪಾತಿ ಅಗಿಯುತ್ತಿರುವ ವಿಜೇತ.

ಅವನು ನಗಲಿಲ್ಲ. ಇದನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ನಗದೆ ಇರುವುದು ಯಾರಿಂದಲೂ ಸಾಧ್ಯವಿರಲಿಲ್ಲ, ಅವನು ನಗಲಿಲ್ಲ. ರೈಫಲ್ ಎತ್ತಿಕೊಂಡು, ತನ್ನ ಏಪ್ರನ್ನಿನಿಂದ ಅದರ ಹಿಮ ಒರೆಸಿ, ನನ್ನ ಭುಜಕ್ಕೆ ತೂಗುಹಾಕಿದ. "ಕೈ ಕೆಳಗೆ ಮಾಡು, ಬಾಬು," ಎಂದ. "ಅದು ಮನುಷ್ಯರನ್ನು ಹಿಡಿದುಕೊಂಡು ಹೋಗುದಿಲ್ಲ. ಅದಕ್ಕೆ ಚಪಾತಿ ಸಾಕು."

ಅಷ್ಟರಲ್ಲಿ ನನ್ನ ಕೂಗು ಕೇಳಿ ಸುಬೇದಾರ್ ಸಾಹೇಬರು ಮಂಜು ಸೀಳಿಕೊಂಡು ಬಂದರು. ಏನಾಯಿತು ಎಂದು ಕೇಳಿದರು. ಸಂಜೀವ ಎದೆ ಸೆಟೆದು ನಿಂತು ಹಿಂದಿಯಲ್ಲಿ ವರದಿ ಒಪ್ಪಿಸಿದ: ನನ್ನ ಅಜಾಗರೂಕತೆಯಿಂದ ಹೇಸರಗತ್ತೆ ಲಂಗರಿಗೆ ನುಗ್ಗಿ ತಪ್ಪಿಸಿಕೊಂಡಿತ್ತು ಸಾಬ್, ಕಣಿವೆಗೆ ಬೀಳುವುದರಲ್ಲಿತ್ತು, ಬಾಬು ಅಡ್ಡ ನಿಂತು ತಡೆದರು.

ಸಾಹೇಬರು ನನ್ನ ಬೆನ್ನು ತಟ್ಟಿ ಶಾಭಾಷ್ ಎಂದರು. ಗುಮಾಸ್ತನ ಬೆನ್ನು ತಟ್ಟುವ ಅವಕಾಶ ಸಿಕ್ಕಿದ್ದಕ್ಕೆ ಅವರಿಗೇ ಸಂತೋಷವಾಗಿತ್ತು. ಸಂಜೀವನಿಗೆ ಬೆನ್ನಿಗೆ ಮೂಟೆ ಕಟ್ಟಿಕೊಂಡು ಮೈದಾನ ಸುತ್ತುವ ಶಿಕ್ಷೆ ಸಿಕ್ಕಿತು. ಆ ತೆಳುಗಾಳಿಯಲ್ಲಿ, ಮೂಟೆ ಹೊತ್ತು, ಅವನು ಓಡುವುದನ್ನು ನಾನು ಡೇರೆಯ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು—ಆಡಲಿಲ್ಲ. ಸಂಜೆ ನನ್ನ ಪಾಲಿನ ರಮ್ಮನ್ನು ಅವನಿಗೆ ಕೊಟ್ಟೆ. ಅವನು ಕುಡಿದ, ಬಾಯಿ ಒರೆಸಿಕೊಂಡ, ಹೇಸರಗತ್ತೆಯ ಸುದ್ದಿಯನ್ನು ಅವತ್ತೂ ಎತ್ತಲಿಲ್ಲ, ಆಮೇಲೂ ತಾನಾಗಿ ಎಂದೂ ಎತ್ತಲಿಲ್ಲ.

ನಿವೃತ್ತಿಯ ನಂತರ ನಾನು ಡೊಂಬಿವಲಿಯಲ್ಲಿ ಮನೆ ಮಾಡಿ, ನವಿ ಮುಂಬಯಿಯ ಕಂಪನಿಯೊಂದರಲ್ಲಿ ಮತ್ತೆ ಗುಮಾಸ್ತಗಿರಿಗೆ ಕುಳಿತೆ. ಸಂಜೀವ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಹೊಟೇಲು ತೆರೆದ. ಭಾನುವಾರ ಲೋಕಲ್ ಹಿಡಿದು ಅವನಲ್ಲಿಗೆ ಹೋಗುವುದು, ಇಡ್ಲಿ ತಿನ್ನುವುದು, ಸತ್ತವರ ಮತ್ತು ಬದುಕಿದವರ ಸುದ್ದಿ ಮಾತಾಡುವುದು—ನಮ್ಮ ಸ್ನೇಹ ಹೀಗೆ ನಡೆದಿತ್ತು.

ನಮ್ಮ ಬಿಲ್ಡಿಂಗಿನಲ್ಲಿ ನಾನು 'ಫೌಜಿ ಅಂಕಲ್'. ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸುವವನು ನಾನೇ. ಪಾರ್ಕಿಂಗಿನ ಜಗಳ ಬಿದ್ದರೆ ಕೊನೆಯ ಮಾತು ನನ್ನದು. ನಾನು ಗಡಿಯನ್ನೇ ಕಾಯ್ದವನು, ನನಗೆ ಸ್ಕೂಟರಿನ ಗಡಿ ದೊಡ್ಡದೇ ಎಂದು ಜನರ ಲೆಕ್ಕ. ಸಂಘದ ಸಭೆಗಳಲ್ಲಿ ನಾನು ಸೈನ್ಯದ ಕತೆ ಹೇಳುತ್ತಿದ್ದೆ, ನೀವು ನಗುತ್ತಿದ್ದಿರಿ, ಬರೆಯಿರಿ ಬರೆಯಿರಿ ಎಂದಿರಿ. ಬರೆದೆ.

ಆ ಅಧ್ಯಾಯವನ್ನು ಶುರುಮಾಡಿದಾಗ ಮೊದಲ ಸಾಲು, 'ಆ ದಿನ ಪಹರೆಗೆ ನಿಂತವನು ನಾನು' ಎಂದಿತ್ತು. ಧ್ವಜದ ಹಗ್ಗ ನೆನಪಾಯಿತು. ಪಾರ್ಕಿಂಗ್ ನೆನಪಾಯಿತು. ಅಡುಗೆಯವನಾದರೆ ನಗು ಹೆಚ್ಚು ಬರುತ್ತದೆ, ಕೈಯಲ್ಲಿ ಸೌಟಿರಬೇಕಾದವನಿಗೆ ರೈಫಲ್ ಕೊಟ್ಟರೆ ಅದೇ ಒಂದು ತಮಾಷೆ ಎಂದು ನನಗೆ ನಾನೇ ಹೇಳಿಕೊಂಡೆ. 'ನಾನು' ಹೋಗಿ 'ರಾಜೀವ ಪೂಜಾರಿ' ಆಯಿತು. 'ಸಿರ್ಫ್ ಕ್ಲರ್ಕ್' ಹೋಗಿ 'ಸಿರ್ಫ್ ಬಾವರ್ಚಿ' ಆಯಿತು. ಬಾವರ್ಚಿ ಎಂದರೆ ಅಡುಗೆಯವನು. ನಗು ಇನ್ನೂ ಬರಲಿ ಎಂದು, ಆ ಗಡಿಬಿಡಿಯಲ್ಲಿ ಅವನ ದಾಲ್ ತಳ ಹಿಡಿದು ಸೀದುಹೋಗಿತ್ತು, ಪಲ್ಟನ್ನಿಗೆಲ್ಲ ಅದು ಮಾಮೂಲಾಗಿತ್ತು ಎಂದೂ ಸೇರಿಸಿದೆ. ಬರೆಯುವಾಗ ನಾನೇ ನಕ್ಕೆ. ಸುಳ್ಳು ಬರೆಯುವಾಗ ಪೆನ್ನು ಎಷ್ಟು ಸರಾಗವಾಗಿ—

ಇದೇ ಸಭಾಗೃಹದಲ್ಲಿ, ಠಾಣೆಯಲ್ಲಿ, ಪುಸ್ತಕದ ಬಿಡುಗಡೆ ಆಯಿತು. ಸಂಜೀವ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮೊಮ್ಮಗಳು ಪ್ರಣಾಲಿಯ ಜೊತೆ. ಅವಳು ಕಲ್ಯಾಣದ ಕಾಲೇಜಿನಲ್ಲಿ ಓದುವ ಹುಡುಗಿ, ಎನ್‌ಸಿಸಿಯಲ್ಲಿ ಇರುವವಳು, ಸೈನ್ಯದಲ್ಲಿ ಅಧಿಕಾರಿಯಾಗಬೇಕೆಂದು ಪರೀಕ್ಷೆ ಕಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಹಿಂದಿಯಲ್ಲಿ ಬರುತ್ತದೆ. ಸಂಘದವರೊಬ್ಬರು ಆ ಅಧ್ಯಾಯವನ್ನು ಅಭಿನಯಿಸಿ ಓದಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಿರೂಪಕರು ಉತ್ಸಾಹದಲ್ಲಿ, ನಮ್ಮ ರಾಜೀವ ಪೂಜಾರಿ ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಎದ್ದು ನಿಲ್ಲಬೇಕು ಎಂದು ಕೇಳಿಕೊಂಡರು. ಅವರ ತಪ್ಪಲ್ಲ; ಅವರ ಕಿವಿಯಲ್ಲಿ ಹಾಗೆ ಹೇಳಿದವನು ನಾನು.

ಸಂಜೀವ ಎದ್ದು ಕೈ ಮುಗಿದ. ಹಿಂದಿನಿಂದ ಯಾರೋ, "ಮುಗಿಯೂದಲ್ಲ ಪೂಜಾರ್ರೇ, ಎತ್ರಿ," ಎಂದರು. ಮತ್ತೆ ನಗು. ಸಂಜೀವ ಒಮ್ಮೆ ವೇದಿಕೆಯ ಕಡೆ, ನನ್ನ ಕಡೆ ನೋಡಿದ. ಆಮೇಲೆ ನಗುತ್ತಲೇ ಎರಡೂ ಕೈ ಎತ್ತಿದ.

ಪ್ರಣಾಲಿ ನೆಲ ನೋಡುತ್ತಿದ್ದಳು.

ನಾನು ವೇದಿಕೆಯ ಮೇಲೆ, ಶಾಲು ಹೊದ್ದು, ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಹೇಸರಗತ್ತೆಗೆ ಶರಣಾದದ್ದು ನನ್ನ ತಪ್ಪಲ್ಲ, ಅದು ಭಯ. ಹೆಸರು ಬದಲಿಸಿದ್ದು ಸಣ್ಣತನ. ಆದರೆ ಆ ನಗು—ಅದಕ್ಕೆ ನನಗೆ ಪದ ಸಿಕ್ಕಿಲ್ಲ.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಆ ವಿಡಿಯೋ ವಿಠ್ಠಲವಾಡಿಗೆ ಸಂಜೀವನಿಗಿಂತ ಮೊದಲೇ ತಲುಪಿತ್ತು. ಹೊಟೇಲಿಗೆ ಬರುವ ಗಿರಾಕಿಗಳು ಬಿಲ್ ಕೊಟ್ಟಾಗ ಕೈ ಎತ್ತತೊಡಗಿದರು. ಸಂಜೀವ ನಗುತ್ತಿದ್ದ. ಗಲ್ಲಾದ ಮೇಲೆ ಕೂರುವ ಅವನ ಮಗ ನಗುತ್ತಿರಲಿಲ್ಲ. ಪ್ರಣಾಲಿಯ ಕವಾಯತಿನಲ್ಲೂ ಹುಡುಗರು ಅವಳನ್ನು ಕಂಡರೆ ಕೈ ಎತ್ತುತ್ತಾರೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ನಾನು ಭಾನುವಾರಗಳಲ್ಲಿ ಮೊಣಕಾಲು ನೋವು ಎನ್ನತೊಡಗಿದೆ.

ಒಂದು ಸಂಜೆ ಅವಳೇ ಡೊಂಬಿವಲಿಗೆ ಬಂದಳು. ನನ್ನನ್ನು ಬಾಬುಅಜ್ಜ ಎಂದು ಕರೆಯುತ್ತಾಳೆ. ನನ್ನ ಹೆಂಡತಿ ಕಸ್ತೂರಿ ಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದೇ ಕುಳಿತಳು, ಕುಡಿಯಲಿಲ್ಲ. ಲಿಖಿತ ಪರೀಕ್ಷೆ ಪಾಸಾಗಿದೆ, ಭೋಪಾಲಿಗೆ ಸಂದರ್ಶನಕ್ಕೆ ಕರೆದಿದ್ದಾರೆ ಎಂದಳು. ಅಲ್ಲಿ ಮನೆಯವರ ಬಗ್ಗೆ ಕೇಳುತ್ತಾರಂತೆ. ಅಜ್ಜ ಸೈನ್ಯದಲ್ಲಿದ್ದರು ಎಂದು ಹೇಳಬೇಕು ಎಂದು ಚಿಕ್ಕಂದಿನಿಂದ ಕಾದಿದ್ದಳಂತೆ.

"ಅಜ್ಜನ್ನ ಕೇಳಿದ್ರೆ ಬರೀ ನಗ್ತಾರೆ," ಎಂದಳು. "ಆಪ್ ಬತಾಯಿಯೇ ಬಾಬುಅಜ್ಜ. ಸಚ್ ಮೇ ಹುವಾ ಥಾ ಕ್ಯಾ, ನಿಜವಾಗ್ಲೂ ಆಗಿತ್ತಾ? ನಿಜ ಇದ್ರೆ ನಿಜ. ನಾನು ಅಜ್ಜನ್ ಮೇಲೆ ಗುಸ್ಸಾ ಮಾಡಲ್ಲ. ಬಸ್, ಗೊತ್ತಾಗ್ಬೇಕು."

ನಿಜ ಹೇಳಲು ಬಾಗಿಲು ಅದಕ್ಕಿಂತ ಅಗಲವಾಗಿ ತೆರೆಯುವುದು ಸಾಧ್ಯವಿರಲಿಲ್ಲ. ನಾನು ಅವಳ ತಲೆ ಸವರಿ ಹೇಳಿದೆ: "ಅದು ಕಾದಂಬರಿ ಐತಿ, ಮಗಾ. ಕಾದಂಬರಿ ಓದಿ ನಗಬೇಕು, ಕೇಳಬಾರದು."

ಅವಳು ತಲೆಯಾಡಿಸಿ ಎದ್ದಳು. ಆ ಉತ್ತರದಿಂದ ಅವಳಿಗೆ ತಿಳಿದದ್ದು ಒಂದೇ—ಅಜ್ಜ ಕೈ ಎತ್ತಿದ್ದು ನಿಜ, ಬಾಬುಅಜ್ಜ ಮರ್ಯಾದೆಗೆ ಮುಚ್ಚಿಡುತ್ತಿದ್ದಾರೆ. ನನ್ನನ್ನು ಇನ್ನಷ್ಟು ಒಳ್ಳೆಯವನೆಂದು ತಿಳಿದುಕೊಂಡು ಆ ಹುಡುಗಿ ಮೆಟ್ಟಿಲಿಳಿದು ಹೋದಳು.

ಕಸ್ತೂರಿ ಕಪ್ಪು ಎತ್ತಿಕೊಂಡು ಒಳಗೆ ಹೋದಳು, ಮತ್ತೆ ಬಂದು ನನ್ನ ಎದುರು ಕುಳಿತಳು. ಕೈಯಲ್ಲಿ ಮೆಂತ್ಯದ ಸಿವುಡು. ಎಲೆ ಬಿಡಿಸುತ್ತಾ, ನನ್ನ ಮುಖ ನೋಡದೆ, ಹೇಳಿದಳು: "ಆ ಕತಿ ನೀವು ಮದಿವಿ ಆದ ಹೊಸದಾಗ ನನಗ ಹೇಳಿದ್ರಿ. ಗದಗಿನ ಮನಿ ಮಾಳಿಗಿ ಮ್ಯಾಲ ಕುಂತು. ನೆನಪೈತೇನ್ರೀ?"

ನನಗೆ ನೆನಪಿರಲಿಲ್ಲ. ದೇವರಾಣೆ, ನೆನಪಿರಲಿಲ್ಲ.

"ಆವಾಗ ಕೈ ಎತ್ತಿದವ್ರು ನೀವು ಇದ್ರಿ," ಎಂದಳು. "ನಾ ಎಷ್ಟು ನಕ್ಕಿದ್ದೆ ಅಂದ್ರ ಅತ್ತಿಯವರು ಕೆಳಗಿಂದ ಬೈದಿದ್ರು. ಇಂಥಾ ಮನಷ್ಯಾ ಯಾರನ್ನೂ ಹೊಡಿಯಾಂವಲ್ಲ, ಛಲೋ ಆತು ಅಂತ ಅವತ್ತ ನಿಮ್ಮ ಮ್ಯಾಲ ಜೀವ ಆಗಿತ್ತು ನನಗ."

"ಮತ್ತ ಪುಸ್ತಕ ಬಂದಾಗ ಯಾಕ ಸುಮ್ನಿದ್ದಿ?"

"ನೀವಾಗೇ ಹೇಳ್ತೀರೇನಂತ ದಾರಿ ನೋಡಿದೆ." ಮೆಂತ್ಯದ ಕಡ್ಡಿಗಳನ್ನು ಒಂದು ಕಡೆ ಕೂಡಿಸಿದಳು. "ಇನ್ನ ನೋಡೂದಿಲ್ಲ. ನಾಳೆ ಹೋಗ್ರಿ. ಇಲ್ಲಾಂದ್ರ ನಾ ಹೋಗ್ತೀನಿ."

ಗುಮಾಸ್ತನಿಗೆ ಆದೇಶ ಅರ್ಥವಾಗುತ್ತದೆ. ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ವಿಠ್ಠಲವಾಡಿಗೆ ಹೋದೆ. ಸಂಜೀವ ಒಳಗೆ ಒಂದು ಸ್ಟೂಲಿನ ಮೇಲೆ ಕುಳಿತು ಬೀನ್ಸ್ ಕತ್ತರಿಸುತ್ತಿದ್ದ. ಆ ಕೆಲಸಕ್ಕೆ ಬೇರೆಯವರಿದ್ದಾರೆ. ಅವನಿಗೆ ಕತ್ತರಿಸದಿದ್ದರೆ ಕೈ ತುರಿಸುತ್ತದೆ. ನಾನು ದಾರಿಯುದ್ದಕ್ಕೂ, ಠಾಕುರ್ಲಿ ದಾಟಿ ಕಲ್ಯಾಣ ದಾಟಿ, ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವನ ಮುಖ ನೋಡಿದ ಕೂಡಲೇ ಉದುರಿಹೋದವು.

"ಸಂಜೀವ, ನನ್ನ ಕಡೆಯಿಂದ ತಪ್ಪಾಗೇತಿ," ಎಂದೆ. "ಆ ಹೇಸರಗತ್ತಿ—"

"ಅದಕ್ಕಾ ಇಷ್ಟು ದೂರ ಬಂದದ್ದು, ಮೊಣಕಾಲು ನೋವು ಇಟ್ಟುಕೊಂಡು?" ಅವನು ಚಾಕು ನಿಲ್ಲಿಸಲಿಲ್ಲ. "ಕೂತುಕೋ. ಬನ್ಸ್ ಉಂಟು, ಬಿಸಿ ಉಂಟು."

"ನೀ ಸಿಟ್ಟಾಗು. ಬೈ. ಎಲ್ಲಾರ ಮುಂದ ಕೈ ಎತ್ತಿಸಿದೆ ನಿನ್ನ. ನೀ ಯಾಕ ಅಲ್ಲೇ ಹೇಳಲಿಲ್ಲ?"

ಅವನು ಕತ್ತರಿಸಿದ ಬೀನ್ಸನ್ನು ಪಾತ್ರೆಗೆ ಸರಿಸಿದ. "ಹೇಳಿದ್ರೆ ನೀನು ಎಲ್ಲಿಗೆ ಹೋಗುದು, ಮಾರಾಯ? ನಾನು ಕೆಳಗೆ ಇದ್ದೆ, ಬಾಗಿಲು ಹತ್ರ ಇತ್ತು. ನೀನು ಅಲ್ಲಿ ಮೇಲೆ, ಶಾಲು ಹೊದ್ದು, ನಾಲ್ಕು ಜನರ ಮಧ್ಯೆ ಕೂತಿದ್ದಿ." ಆಮೇಲೆ ಚಾಕು ಕೆಳಗಿಟ್ಟ. ಅವನ ಮುಖ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ. "ಆದ್ರೆ ಒಂದು ಕೇಳ್ತೇನೆ, ಬಾಬು. ಇಷ್ಟು ದಿನ ಕೇಳ್ಬೇಕು ಕೇಳ್ಬೇಕು ಅಂತ ಇತ್ತು. ದಾಲ್ ಸೀದಿತ್ತು ಅಂತ ಬರೆದದ್ದು ಯಾಕೆ?"

ಅವನು ಸ್ಟೂಲನ್ನು ನನ್ನ ಕಡೆ ಎಳೆದುಕೊಂಡ.

"ಹೇಸರಗತ್ತೆ ಹೋಗ್ಲಿ. ಹೆದರಿಕೆ ಯಾರಿಗೆ ಇಲ್ಲ? ಅವತ್ತು ನನಗೂ ಆ ಮಂಜಿನಲ್ಲಿ ಎದೆ ಹೊಡ್ಕೊಳ್ತಾ ಇತ್ತು. ಆದ್ರೆ ಅಷ್ಟು ಎತ್ತರದಲ್ಲಿ, ಬೇಳೆ ಬೇಯದ ಜಾಗದಲ್ಲಿ, ನಾನು ಒಂದು ದಿನ ದಾಲ್ ಸೀಯಿಸಿದ್ದೇನಾ? ಒಂದು ದಿನ? ನಾನು ಇಲ್ಲಿ ಹೊಟೇಲು ನಡೆಸ್ತಾ ಇದ್ದೇನೆ. ಜನ ಓದಿ ಎಂತ ತಿಳ್ಕೊಳ್ಳುದು?"

ನನಗೆ ನಗು ಬಂತು, ನಗುವುದಕ್ಕೆ ಹಕ್ಕಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಸೀಯಿಸಿಲ್ಲ, ಸಂಜೀವ, ಒಂದು ದಿನವೂ ಸೀಯಿಸಿಲ್ಲ ಎಂದೆ. "ಹಾಗಾದ್ರೆ ಅದನ್ನು ಮೊದಲು ಸರಿ ಮಾಡು," ಎಂದು ಅವನು ಮತ್ತೆ ಬೀನ್ಸಿಗೆ ಕೈ ಹಾಕಿದ. ಆದ್ದರಿಂದ ಈ ಸಭೆಯಲ್ಲಿ ಮೊದಲು ಅದನ್ನೇ ದಾಖಲಿಸಬೇಕಿತ್ತು, ಕ್ಷಮಿಸಿ. ಸಂಜೀವ ಪೂಜಾರಿಯ ದಾಲ್ ಎಂದೂ ಸೀದಿರಲಿಲ್ಲ. ಅಂಥ ದಾಲ್ ನಾನು ಸಮತಟ್ಟಿನ ಊರುಗಳಲ್ಲೂ ಉಂಡಿಲ್ಲ.

ಪ್ರಣಾಲಿ ಕಾಲೇಜಿನಿಂದ ಬಂದಾಗ ನಾನು ಅಲ್ಲೇ ಇದ್ದೆ. ಸಂಜೀವ, "ಹೇಳ್ಬೇಡ, ಬಾಬು, ಮಕ್ಕಳಿಗೆ ಯಾಕೆ," ಎನ್ನುತ್ತಿದ್ದ. ಹೇಳಿದೆ. ಮಂಜು, ರೈಫಲ್, ನಾನಾಡಿದ ಮಾತು, ಅವನು ಒಪ್ಪಿಸಿದ ವರದಿ, ನನ್ನ ಬದಲಿಗೆ ಅವನು ಹೊತ್ತ ಮೂಟೆ, ಕೊನೆಗೆ ಹಿಂದಿನ ದಿನ ಅವಳಿಗೇ ಹೇಳಿದ ಸುಳ್ಳು. ಅವಳು ನಿಂತೇ ಕೇಳಿದಳು. ಹೇಸರಗತ್ತೆ ನನ್ನ ಎದೆ ಮೂಸಿದ ಭಾಗ ಬಂದಾಗ ಅವಳ ತುಟಿ ಒಮ್ಮೆ ಕೊಂಕಿತು, ನಗು ತಡೆದುಕೊಂಡಳು. ಶಿಕ್ಷೆಯ ಭಾಗ ಬಂದಾಗ ಅಜ್ಜನ ಕಡೆ ನೋಡಿದಳು. ಅಜ್ಜ ಬೀನ್ಸಿನ ನಾರು ಹುಡುಕುತ್ತಿದ್ದ.

ಎಲ್ಲ ಮುಗಿದ ಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು. "ಡರ್ ಗಯೇ ಥೇ, ವೋ ಠೀಕ್ ಹೈ. ಸ್ಟೇಜ್ ಪೇ ಆಪ್ ಹಸೇ ಕ್ಯೂಂ?"

ಹೆದರಿದ್ದು ಸರಿ, ವೇದಿಕೆಯ ಮೇಲೆ ನಕ್ಕಿದ್ದೇಕೆ?

ಉತ್ತರ ಕೊಡಲಾಗಲಿಲ್ಲ. ಈಗಲೂ ಇಲ್ಲ. ಅವಳೇ ಹೇಳಿದಳು—ಆ ವಿಡಿಯೋ ಯಾವ ಜಾಗದಿಂದ ಹೋಯಿತೋ ಅದೇ ಜಾಗದಿಂದ ಇದೂ ಹೋಗಬೇಕು. ತನ್ನೊಬ್ಬಳ ಹತ್ತಿರ ಹೇಳಿದರೆ ಆಗುವುದಿಲ್ಲ. ದನಿ ಏರಿಸಲಿಲ್ಲ. ಅವಳು ಒಳ್ಳೆಯ ಅಧಿಕಾರಿಯಾಗುತ್ತಾಳೆ.

ಮೊನ್ನೆ ಅವಳು ಭೋಪಾಲಿಗೆ ಹೊರಟಳು. ಕಲ್ಯಾಣ ಸ್ಟೇಷನ್ನಿಗೆ ನಾವೂ ಹೋಗಿದ್ದೆವು. ಸಂಜೀವ ಒಂದು ತುಕಡಿಗೆ ಸಾಲುವಷ್ಟು ಬುತ್ತಿ ಕಟ್ಟಿದ್ದ. "ಚಟ್ನಿ ಇವತ್ತೇ ಮುಗಿಸು. ಬನ್ಸ್ ನಾಳೆಗೂ ಆಗ್ತದೆ. ಪಕ್ಕದವರಿಗೆ ಕೊಡು, ಕೇಳಿದ್ರೆ ಹೊಟೇಲಿನ ಹೆಸರು ಹೇಳು," ಎಂದು ಕಿಟಕಿಯ ಸರಳುಗಳ ನಡುವೆ ಬಾಯಿಟ್ಟು ಹೇಳುತ್ತಲೇ ಇದ್ದ. ಗಾಡಿ ಹತ್ತುವ ಮುನ್ನ ಪ್ರಣಾಲಿ ಅಜ್ಜನ ಕಾಲು ಮುಟ್ಟಿದಳು, ತಂದೆತಾಯಿಯ ಕಾಲು ಮುಟ್ಟಿದಳು, ಕಸ್ತೂರಿಯ ಕಾಲು ಮುಟ್ಟಿದಳು. ನನ್ನ ಮುಂದೆ ಬಂದಾಗ ಚೀಲವನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಬದಲಿಸಿಕೊಂಡಳು.

"ಸಂಡೇ ಕೋ ಪಕ್ಕಾ ನಾ, ಬಾಬುಅಜ್ಜ?"

"ಪಕ್ಕಾ," ಎಂದೆ.

ಬಾಗಲಿಲ್ಲ. ಬಾಗಬಾರದಿತ್ತು ಕೂಡ. ಗಾಡಿ ಹೊರಟಿತು, ಅವಳು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈ ಬೀಸಿದಳು. ಆ 'ಎಲ್ಲರಲ್ಲಿ' ನಾನೂ ಇದ್ದೆನೇ ಎಂದು ನಾನು ಯಾರನ್ನೂ ಕೇಳಲಿಲ್ಲ.

ಇವತ್ತು ಭಾನುವಾರ. ಫೋನು ಇದ್ದವರು ದಯವಿಟ್ಟು ಹಿಡಿಯಿರಿ, ಆ ವಿಡಿಯೋ ಯಾರು ಯಾರಿಗೆ ಕಳಿಸಿದ್ದಿರೋ ಅವರಿಗೆಲ್ಲ ಇದನ್ನೂ ಕಳಿಸಿ. ನಿಮಗೆ ನಗು ಬಂದಿದ್ದರೆ ತಡೆದುಕೊಳ್ಳಬೇಡಿ, ನಗುವ ಸಂಗತಿಯೇ ಅದು. ಆದರೆ ಮುಂದಿನ ಸಾಲಿನಲ್ಲಿ ಕೂತಿರುವ ಸಂಜೀವನ ಕಡೆ ತಿರುಗಬೇಡಿ. ನನ್ನ ಮುಖ ನೋಡಿ ನಗಿ. ನಾನು ಇಲ್ಲೇ ನಿಂತಿರುತ್ತೇನೆ, ನಿಮ್ಮ ನಗು ಮುಗಿಯುವವರೆಗೆ.